ಕಾಯಿಲೆಯಿಲ್ಲದ ಮಗುವಿಗೂ ತಪಾಸಣೆ

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ಆರಂಭಿಸಿದ ತರಬೇತಿಯಿಂದ ‘ನರ್ಸ್ ಪ್ರಾಕ್ಟೀಷನರ್’ ಎಂಬ ಹೊಸ ವೃತ್ತಿ ಹುಟ್ಟಿತು. ರೋಗಿಯನ್ನು ಸ್ವತಃ ಪರೀಕ್ಷಿಸಿ, ರೋಗವನ್ನು ನಿರ್ಣಯಿಸಿ, ಆಯಾ ರಾಜ್ಯದ ಕಾನೂನಿನ ಮಿತಿಯೊಳಗೆ ಔಷಧವನ್ನೂ ಬರೆದುಕೊಡಬಲ್ಲ, ಸ್ನಾತಕೋತ್ತರ ಮಟ್ಟದ ಶಿಕ್ಷಣ ಪಡೆದ ನರ್ಸ್ ಎಂಬುದು ಇಂದು ಆ ಹೆಸರಿಗಿರುವ ಅರ್ಥ. ಈ ವೃತ್ತಿ ಮಕ್ಕಳ ಆರೈಕೆಯಿಂದಲೇ ಮೊದಲಾದದ್ದು ಆಕಸ್ಮಿಕವಲ್ಲ. ಫೋರ್ಡ್ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ದುಡಿದಿದ್ದ ಗ್ರಾಮಾಂತರ ಪ್ರದೇಶಗಳಲ್ಲಿ ವೈದ್ಯರು ವಿರಳವಾಗಿದ್ದುದರಿಂದ, ಮಕ್ಕಳು ಸರಿಯಾಗಿ ಬೆಳೆಯುತ್ತಿದ್ದಾರೆಯೇ ಎಂದು ನೋಡುವ ಹೊಣೆ ನರ್ಸುಗಳ ಮೇಲೆಯೇ ಬೀಳುತ್ತಿತ್ತು.

ಹಾಗೆಂದು ವೈದ್ಯರ ಕೊರತೆ ತುಂಬಲು ಹುಡುಕಿಕೊಂಡ ಅಗ್ಗದ ಉಪಾಯವೆಂದು ಇದನ್ನು ಎಣಿಸುವುದು ತಪ್ಪು. ಕುಟುಂಬವನ್ನು ಅರಿತು, ಆರೋಗ್ಯವನ್ನು ಕಾಯ್ದುಕೊಳ್ಳಲು ನೆರವಾಗುವುದು ಶುಶ್ರೂಷೆಯ ಸ್ವಂತ ಕೆಲಸವೆಂಬುದೇ ಫೋರ್ಡ್ ಅವರ ನಿಲುವಾಗಿತ್ತು. ಇದು ನರ್ಸುಗಳನ್ನು ಅರೆವೈದ್ಯರನ್ನಾಗಿಸುವ ಯತ್ನವೆಂದು ಆಗ ಶುಶ್ರೂಷಾ ಶಿಕ್ಷಣ ವಲಯದಿಂದಲೇ ವಿರೋಧ ಬಂದರೂ, ಅವರು ಆ ನಿಲುವನ್ನು ಬಿಟ್ಟುಕೊಡಲಿಲ್ಲ.

ಅಮೆರಿಕದಲ್ಲಿ ಅನುಸರಿಸಲಾಗುವ ವೇಳಾಪಟ್ಟಿಯಂತೆ, ಮಗು ಚೆನ್ನಾಗಿದ್ದರೂ ಹುಟ್ಟಿದ ಕೆಲವೇ ದಿನಗಳಿಂದ ಹಿಡಿದು ಮೂರು ವರ್ಷ ತುಂಬುವವರೆಗೆ ಹತ್ತಕ್ಕೂ ಹೆಚ್ಚು ಬಾರಿ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕು. ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುವಾಗ ಮಕ್ಕಳ ನರ್ಸ್ ಪ್ರಾಕ್ಟೀಷನರ್ ಒಂದು ದಿನದ ಅಂಕಿಯನ್ನಷ್ಟೇ ನೋಡದೆ, ಗೆರೆ ಸಾಗುತ್ತಿರುವ ದಿಕ್ಕನ್ನು ಗಮನಿಸುತ್ತಾರೆ. ಏಕೆಂದರೆ ಮೊದಲಿನಿಂದಲೂ ಸಣ್ಣಗಿದ್ದು ತನ್ನ ಗೆರೆಯಲ್ಲೇ ಏರುತ್ತಿರುವ ಮಗುವಿಗಿಂತ, ದಪ್ಪಗಿದ್ದರೂ ಗೆರೆಯಿಂದ ಜಾರುತ್ತಿರುವ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು.

ಮೈ ಬೆಳೆಯುವುದಕ್ಕಿಂತ ಸೂಕ್ಷ್ಮವಾದದ್ದು ವಿಕಾಸ, ಎಂದರೆ ಮಗು ಚಲನೆ, ಮಾತು, ತಿಳಿವಳಿಕೆ, ಒಡನಾಟಗಳಲ್ಲಿ ಹಂತಹಂತವಾಗಿ ಪಡೆಯುವ ಸಾಮರ್ಥ್ಯ. ಪ್ರತಿ ಭೇಟಿಯಲ್ಲೂ ಆಗುವ ಸಾಮಾನ್ಯ ಅವಲೋಕನವಲ್ಲದೆ, 9, 18 ಮತ್ತು 30ನೆಯ ತಿಂಗಳಲ್ಲಿ ಪ್ರಮಾಣೀಕೃತ ಪ್ರಶ್ನಾವಳಿಯ ಮೂಲಕ ವಿಕಾಸದ ಪರೀಕ್ಷೆಯನ್ನೂ, 18 ಮತ್ತು 24ನೆಯ ತಿಂಗಳಲ್ಲಿ ಆಟಿಸಂ ಲಕ್ಷಣಗಳ ಪರೀಕ್ಷೆಯನ್ನೂ ಮಾಡಲಾಗುತ್ತದೆ. ‘ಕೆಲವು ಮಕ್ಕಳಿಗೆ ಮಾತು ತಡ’ ಎಂಬ ಮನೆಯವರ ಸಮಾಧಾನ ಎಷ್ಟೋ ಸಲ ನಿಜವೇ ಆದರೂ, ಕಿವಿ ಕೇಳದ ಮಗುವಿನ ಪಾಲಿಗೆ ಅದು ನುಡಿ ಕಲಿಯುವ ಅಮೂಲ್ಯ ತಿಂಗಳುಗಳನ್ನು ಕಳೆದುಬಿಡುತ್ತದೆ. ನೆರವು ಬೇಗ ದೊರೆತಷ್ಟೂ ಫಲ ಹೆಚ್ಚು. ಈ ವೃತ್ತಿಯ ಮಹತ್ವವೆಲ್ಲ ಈ ‘ಬೇಗ’ದಲ್ಲಿದೆ.

ಮಗುವಿನ ಭೇಟಿಯಲ್ಲಿ ತಾಯಿಯ ಮನಃಸ್ಥಿತಿಯನ್ನೂ ವಿಚಾರಿಸಲಾಗುತ್ತದೆ. ಹೆರಿಗೆಯ ನಂತರದ ಖಿನ್ನತೆ ಮಗುವಿನ ಊಟ, ನಿದ್ದೆ, ಕಲಿಕೆಗಳನ್ನು ತಟ್ಟುವುದರಿಂದ, ಮೊದಲ ಆರು ತಿಂಗಳ ಭೇಟಿಗಳಲ್ಲಿ ತಾಯಿಗೂ ಪ್ರಶ್ನಾವಳಿಯಿರುತ್ತದೆ. ಜೊತೆಗೆ ಮುಂದಿನ ಹಂತದ ಎಚ್ಚರಿಕೆಯನ್ನು ಮೊದಲೇ ಹೇಳುವ ಪದ್ಧತಿಯಿದೆ: ಕೂಸನ್ನು ಅಂಗಾತ ಮಲಗಿಸಬೇಕೆಂದೂ, ಅಂಬೆಗಾಲಿಡುವ ಮುನ್ನವೇ ಔಷಧ, ಬಿಸಿನೀರು, ಸಣ್ಣ ವಸ್ತುಗಳು ಕೈಗೆಟುಕದಂತೆ ಇಡಬೇಕೆಂದೂ ತಿಳಿಸಿಕೊಡುವುದು ಔಷಧ ಬರೆದುಕೊಡುವುದಕ್ಕಿಂತ ಕಿರಿದಾದ ಕೆಲಸವಲ್ಲ.

ಭಾರತದಲ್ಲಿ ನರ್ಸ್ ಪ್ರಾಕ್ಟೀಷನರ್ ಶಿಕ್ಷಣ ತೀವ್ರ ನಿಗಾ ಘಟಕದ ಅಗತ್ಯದಿಂದ ಆರಂಭವಾಯಿತು. ಮಕ್ಕಳ ವಿಕಾಸದ ಪರೀಕ್ಷೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದ್ದು, ಅದರ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರೊಂದಿಗೆ ಒಬ್ಬ ನರ್ಸ್‌ಗೂ ಸ್ಥಾನವಿದೆ. ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡುತ್ತಾರೆ, ಅಂಗನವಾಡಿಯಲ್ಲಿ ತೂಕವಾಗುತ್ತದೆ, ವರ್ಷಕ್ಕೆರಡು ಬಾರಿ ಈ ತಂಡ ಅಂಗನವಾಡಿಗೆ ಬರಬೇಕೆಂಬ ನಿಯಮವೂ ಇದೆ. ಇವರೆಲ್ಲರೂ ಕಂಡದ್ದನ್ನು ಒಟ್ಟುಗೂಡಿಸಿ, ಒಂದೇ ಮಗುವನ್ನು ವರ್ಷಗಟ್ಟಲೆ ಹಿಂಬಾಲಿಸಿ, ಸಂಶಯ ಬಂದ ಕೂಡಲೇ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವುಳ್ಳ ನರ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು. ಅದಕ್ಕೆ ತಕ್ಕ ಶಿಕ್ಷಣ ಮತ್ತು ಹುದ್ದೆಯನ್ನು ರೂಪಿಸುವುದು ಸರ್ಕಾರದ ಕೈಯಲ್ಲಿದೆ.