ಚಳಿಯಲ್ಲಿ ಮೊದಲ ಬೈಕ್ ಸವಾರಿ: ಎದೆಗೆ ಪೇಪರ್ ಇಟ್ಟುಕೊಳ್ಳಬೇಕೇ, ಒಂದು ಪೆಗ್ ಹಾಕಬೇಕೇ?

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಬೈಕ್ ಸವಾರರಿಗೆಂದೇ ಒಂದಷ್ಟು ಸಲಹೆಗಳು ಓಡಾಡತೊಡಗುತ್ತವೆ. ಎದೆಗೆ ನ್ಯೂಸ್ ಪೇಪರ್ ಇಟ್ಟುಕೊಳ್ಳಿ, ಹೊರಡುವ ಮೊದಲು ಒಂದು ಪೆಗ್ ರಮ್ ಹಾಕಿ, ಟೈರ್ ಗಾಳಿ ಸ್ವಲ್ಪ ಇಳಿಸಿ, ಇಂಜಿನ್ ಹತ್ತು ನಿಮಿಷ ಬಿಸಿ ಮಾಡಿ. ಇವುಗಳಲ್ಲಿ ಒಂದು ನಿಜಕ್ಕೂ ಒಳ್ಳೆಯ ಸಲಹೆ, ಒಂದು ಪ್ರಾಣಕ್ಕೇ ಅಪಾಯ, ಉಳಿದವು ತಪ್ಪು ಇಲ್ಲವೇ ಅರ್ಧ ಸತ್ಯ. ಯಾವುದು ಯಾವುದು ಎಂದು ನೋಡೋಣ.

ನಮ್ಮಲ್ಲೇನು ಹಿಮ ಬೀಳುತ್ತದೆಯೇ?

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರವನ್ನೇ ತೆಗೆದುಕೊಳ್ಳಿ. ಆಂಧ್ರದ ಗಡಿಗೆ ಹತ್ತಿರದ ಊರು. ಈ ಸೀಮೆಯಲ್ಲಿ ಬೆಳಕು ಹರಿಯುವ ಮೊದಲೇ ಬೈಕ್ ಹತ್ತುವವರು ಬಹಳ. ಬೆಂಗಳೂರಿನ ಕೆಲಸಕ್ಕೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ರೈಲು ಹಿಡಿಯುವವರು, ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರು, ಕೆಜಿಎಫ್ ಕಡೆ ಕಾಲೇಜಿಗೆ ಹೋಗುವವರು. ಬೇಸಿಗೆಯಲ್ಲಿ ಲೈಸೆನ್ಸ್ ಮಾಡಿಸಿ ಹೊಸ ಬೈಕ್ ಕೊಂಡವರಿಗೆ ಚಳಿಗಾಲದ ಸವಾರಿ ಹೇಗಿರುತ್ತದೆ ಎಂಬ ಅಂದಾಜೇ ಇರುವುದಿಲ್ಲ.

ಈ ಭಾಗ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ರಾತ್ರಿ ನೆಲದ ಶಾಖ ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಸೂರ್ಯ ಹುಟ್ಟುವ ಹೊತ್ತು ದಿನದ ಅತಿ ತಣ್ಣನೆಯ ಹೊತ್ತು. ಇಂಥದೇ ಎತ್ತರದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ತಾಪಮಾನ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಸಾಮಾನ್ಯ ವರ್ಷಗಳಲ್ಲಿ ಅಷ್ಟು ಇಳಿಯುವುದಿಲ್ಲ, ನಿಜ. ಆದರೆ ಬೈಕ್ ಮೇಲೆ ಕೂತವರಿಗೆ ಥರ್ಮಾಮೀಟರ್ ಪೂರ್ತಿ ಕಥೆ ಹೇಳುವುದಿಲ್ಲ.

ಬೈಕ್ ಮೇಲೆ 10 ಡಿಗ್ರಿ ಎಂದರೆ 5 ಡಿಗ್ರಿ

ನಮ್ಮ ಚರ್ಮದ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರ ಸದಾ ಇರುತ್ತದೆ. ಗಾಳಿ ಬೀಸಿದಾಗ ಅದು ಹಾರಿಹೋಗಿ, ದೇಹ ಮತ್ತೆ ಮತ್ತೆ ಶಾಖ ಕಳೆದುಕೊಳ್ಳುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವುದು ಇದೇ ಲೆಕ್ಕದಲ್ಲಿ. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು ನೀರು ತುಂಬಿದ ಪಾತ್ರೆಯನ್ನು ಗಾಳಿಗೆ ತೂಗುಹಾಕಿ, ನೀರು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆದು ಈ ಲೆಕ್ಕ ಶುರು ಮಾಡಿದರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಅದಕ್ಕೊಂದು ಹೊಸ ಸೂತ್ರ ತಂದವು.

ಆ ಸೂತ್ರದ ಪ್ರಕಾರ ಹೊರಗೆ 10 ಡಿಗ್ರಿ ಇದ್ದಾಗ ಬರಿ ಚರ್ಮಕ್ಕೆ ಆಗುವ ಅನುಭವ ಸುಮಾರು ಹೀಗೆ:

- ಗಂಟೆಗೆ 20 ಕಿ.ಮೀ. ವೇಗದಲ್ಲಿ: 7 ಡಿಗ್ರಿ
- 40 ಕಿ.ಮೀ.: 6 ಡಿಗ್ರಿ
- 60 ಕಿ.ಮೀ.: 5 ಡಿಗ್ರಿ

ಇದು ನಡೆಯುವವರ ಮುಖಕ್ಕೆಂದು ಮಾಡಿದ ಲೆಕ್ಕವಾದ್ದರಿಂದ ಬೈಕಿಗೆ ಅಂದಾಜು ಮಾತ್ರ. ಇನ್ನೊಂದು ವಿಷಯ: ಈ ಲೆಕ್ಕ ಶಾಖ ಹುಟ್ಟಿಸುವ ದೇಹಕ್ಕೆ ಮಾತ್ರ. ಹೊರಗೆ 10 ಡಿಗ್ರಿ ಇದ್ದರೆ ಎಷ್ಟೇ ಗಾಳಿ ಬೀಸಿದರೂ ಬೈಕಿನ ಕಬ್ಬಿಣ 10ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮೊದಲು ಸೋಲುವುದು ಬೆರಳು

ಚಳಿಯಾದಾಗ ದೇಹ ಹೃದಯ, ಮೆದುಳುಗಳನ್ನು ಬೆಚ್ಚಗಿಡಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಹ್ಯಾಂಡಲ್ ಹಿಡಿದ ಕೈಗೇ ಗಾಳಿ ನೇರ ಹೊಡೆಯುತ್ತದೆ, ಆ ಕೈಗೇ ರಕ್ತವೂ ಕಡಿಮೆ. ಬೆರಳು ಮರಗಟ್ಟುತ್ತದೆ, ಬ್ರೇಕ್ ಎಷ್ಟು ಒತ್ತಿದೆವು ಎಂಬುದು ಗೊತ್ತಾಗುವುದಿಲ್ಲ. ಹಳಬರು ಇದನ್ನು ಅಭ್ಯಾಸಬಲದಿಂದ ಸಂಭಾಳಿಸುತ್ತಾರೆ. ಕ್ಲಚ್, ಬ್ರೇಕ್ ಇನ್ನೂ ಕೈಗೆ ಕೂರದ ಹೊಸಬರಿಗೆ ಕಷ್ಟ.

60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮರಗಟ್ಟಿದ ಕೈ ಬ್ರೇಕ್ ಒತ್ತಲು ಅರ್ಧ ಸೆಕೆಂಡ್ ತಡ ಮಾಡಿದರೆ 8 ಮೀಟರ್ ಹೆಚ್ಚು. ಒಂದರ ಹಿಂದೊಂದು ನಿಲ್ಲಿಸಿದ ಎರಡು ಕಾರಿನಷ್ಟು ದೂರ. ಚಳಿಯ ಸವಾರಿಯಲ್ಲಿ ಅಪಾಯ ಇರುವುದು ಇಲ್ಲಿ. ಈಗ ಫಾರ್ವರ್ಡ್‌ಗಳನ್ನು ನೋಡೋಣ.

“ಎದೆಗೆ ನ್ಯೂಸ್ ಪೇಪರ್ ಇಟ್ಟುಕೊಳ್ಳಿ”: ನಿಜ

ಪೇಪರ್ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವೆ ಗಾಳಿ ಸಿಕ್ಕಿಕೊಂಡು ಶಾಖ ಉಳಿಯುತ್ತದೆ. ಯುರೋಪಿನ ಸೈಕಲ್ ರೇಸ್‌ಗಳಲ್ಲೂ ಬೆಟ್ಟ ಇಳಿಯುವ ಮೊದಲು ಅಂಗಿಯೊಳಗೆ ಪೇಪರ್ ತುರುಕಿಕೊಳ್ಳುವ ಪದ್ಧತಿ ಹಳೆಯದು. ಎದೆ ಬೆಚ್ಚಗಿದ್ದರೆ ಕೈಗೂ ರಕ್ತ ಚೆನ್ನಾಗಿ ಹರಿಯುತ್ತದೆ. ಬರಿ ಸ್ವೆಟರ್‌ನ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ. ಅದರ ಮೇಲೊಂದು ರೇನ್‌ಕೋಟ್ ಹಾಕಿದರೂ ಇದೇ ಕೆಲಸ ಆಗುತ್ತದೆ. ಉಣ್ಣೆಯ ಗ್ಲೌಸ್‌ಗೂ ಈ ಮಾತು ಅನ್ವಯ. ಗಾಳಿ ತಡೆಯುವ, ಲಿವರ್ ಮೇಲೆ ಜಾರದ ಗ್ಲೌಸ್ ಕೊಳ್ಳಿ.

“ಒಂದು ಪೆಗ್ ಹಾಕಿದರೆ ಚಳಿ ಬಿಡುತ್ತದೆ”: ಸುಳ್ಳು, ಅಪಾಯ

ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಆ ಶಾಖ ಗಾಳಿಯ ಪಾಲಾಗಿ, ದೇಹ ಇನ್ನೂ ಬೇಗ ತಣ್ಣಗಾಗುತ್ತದೆ. ಜೊತೆಗೆ ಗಮನ ಕುಂದುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಈ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ.

“ಟೈರ್ ಗಾಳಿ ಇಳಿಸಿ, ಗ್ರಿಪ್ ಬರುತ್ತದೆ”: ತಪ್ಪು

ಚಳಿಗೆ ಗಾಳಿ ಕುಗ್ಗುವುದರಿಂದ ಟೈರಿನ ಒತ್ತಡ ತಾನಾಗಿಯೇ ಇಳಿದಿರುತ್ತದೆ. 30 ಪಿಎಸ್‌ಐ ಇದ್ದ ಟೈರ್‌ನಲ್ಲಿ ತಾಪಮಾನ 10 ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ನೀವೂ ಇಳಿಸಿದರೆ ತಿರುವಿನಲ್ಲಿ ಬೈಕ್ ಓಲಾಡುತ್ತದೆ. ಕಂಪನಿ ಹೇಳಿದಷ್ಟೇ ಗಾಳಿ ಇರಲಿ, ಟೈರ್ ತಣ್ಣಗಿದ್ದಾಗಲೇ ನೋಡಿ. ತಣ್ಣಗಿನ ರಬ್ಬರ್‌ಗೆ ಹಿಡಿತ ಕಡಿಮೆ, ಹಾಗಾಗಿ ಮೊದಲ ಕೆಲವು ಕಿ.ಮೀ. ನಿಧಾನವಾಗಿ ಹೋಗಿ.

“ಇಂಜಿನ್ ಹತ್ತು ನಿಮಿಷ ಬಿಸಿ ಮಾಡಿ”: ಅರ್ಧ ಸತ್ಯ

ಕಾರ್ಬೊರೇಟರ್ ಇರುವ ಹಳೆಯ ಬೈಕಿಗೆ ಚೋಕ್ ಎಳೆದು ಸ್ವಲ್ಪ ಹೊತ್ತು ಬಿಡಬೇಕಾಗುತ್ತದೆ. ಈಗಿನ ಫ್ಯೂಯಲ್ ಇಂಜೆಕ್ಷನ್ ಬೈಕುಗಳಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು, ನಂತರ ಹೆಚ್ಚು ಎಕ್ಸಲರೇಟರ್ ಕೊಡದೆ ಹೊರಟರೆ ಆಯಿತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಸ್ಟಾರ್ಟ್ ಮಾಡಿ ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲಬಲ್ಲದು.

ಫಾರ್ವರ್ಡ್‌ಗಳು ಹೇಳದ ಮಾತುಗಳು

*ಮಂಕಿ ಕ್ಯಾಪ್:* ದಪ್ಪ ಉಣ್ಣೆ ಟೋಪಿಯ ಮೇಲೆ ಹೆಲ್ಮೆಟ್ ಹಾಕಿದರೆ ಅದು ತಲೆಗೆ ಸರಿಯಾಗಿ ಕೂರುವುದಿಲ್ಲ. ಬಿದ್ದಾಗ ಕಳಚಿಕೊಳ್ಳಬಹುದು. ಮೈಗಂಟುವ ತೆಳು ಬಟ್ಟೆಯ ಮುಖವಾಡ ಸಾಕು.

*ಶಾಲು, ಟವಲ್:* ಕತ್ತಿಗೆ ಸುತ್ತಿದ ತುದಿಗಳನ್ನು ಜಾಕೆಟ್ ಒಳಗೆ ಸೇರಿಸಿ. ಚಕ್ರಕ್ಕೆ, ಚೈನಿಗೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ.

*ವೈಸರ್ ಮೇಲೆ ಮಂಜು:* ಉಸಿರಿನ ತೇವ ತಣ್ಣಗಿನ ವೈಸರ್ ಮೇಲೆ ಹನಿಗಟ್ಟುತ್ತದೆ. ಒಂದು ಬೆರಳಿನಷ್ಟು ತೆರೆದಿಡಿ. ಒಳಬದಿಗೆ ಒಂದು ಹನಿ ಶಾಂಪೂ ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಪೆಟ್ರೋಲ್, ಥಿನ್ನರ್ ಹಾಕಬೇಡಿ, ವೈಸರ್ ಹಾಳಾಗುತ್ತದೆ.

*ರಸ್ತೆಯಲ್ಲಿ ಒಕ್ಕಣೆ:* ಈ ಕಾಲಕ್ಕೆ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡುವುದು ನಮ್ಮ ಕಡೆ ಮಾಮೂಲು. ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಬೈಕ್ ಜಾರುತ್ತದೆ. ಮೊದಲೇ ವೇಗ ಇಳಿಸಿ, ನೇರವಾಗಿ ದಾಟಿ.

*ಮಂಜು, ಆನೆ:* ಮಂಜಿನಲ್ಲಿ ಹೆಡ್‌ಲೈಟ್ ಡಿಮ್ ಇರಲಿ; ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಕಾಮಸಮುದ್ರದ ಕಾಡಂಚಿನಲ್ಲಿ ಕಾಡಾನೆಗಳ ಓಡಾಟವೂ ಉಂಟು. ಅಲ್ಲಿ ಬೆಳಕು ಹರಿದ ಮೇಲೆ ಹೊರಡುವುದೇ ಲೇಸು.

ಯಾವಾಗ ನಿಲ್ಲಿಸಬೇಕು?

ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಕಷ್ಟವಾದರೆ, ಮೈ ನಡುಗತೊಡಗಿದರೆ ಬೈಕ್ ನಿಲ್ಲಿಸಿ. ಟೀ ಅಂಗಡಿ ಸಿಕ್ಕರೆ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಸೈಲೆನ್ಸರ್ ಮುಟ್ಟಬೇಡಿ: ಮರಗಟ್ಟಿದ ಬೆರಳಿಗೆ ಸುಟ್ಟದ್ದೂ ತಡವಾಗಿ ತಿಳಿಯುತ್ತದೆ. ಸಣ್ಣ ಚಳಿಗೂ ಬೆರಳು ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ ವೈದ್ಯರಿಗೆ ತೋರಿಸಿ.

ರೈಲು ತಪ್ಪುತ್ತದೆ ಎಂಬ ಆತುರವೇ ಹೊಸಬರನ್ನು ವೇಗಕ್ಕೆ ದೂಡುವುದು. ಹತ್ತು ನಿಮಿಷ ಮುಂಚೆ ಹೊರಟರೆ 40ರ ವೇಗದಲ್ಲೇ ತಲುಪಬಹುದು, ಗಾಳಿಯ ಹೊಡೆತವೂ ತುಸು ಕಡಿಮೆ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ಗಾಳಿಯನ್ನು ತಡೆದು ಕೈಯನ್ನು ಬೆಚ್ಚಗಿಡುತ್ತದೆಯೇ, ಇಲ್ಲವೇ ಬೆಚ್ಚಗಾದಂತೆ ಅನಿಸುವ ಹಾಗೆ ಮಾಡುತ್ತದೆಯೇ? ಮೊದಲನೆಯದನ್ನು ಮಾತ್ರ ಹಂಚಿ. ಮನೆಯಲ್ಲಿ ಹೊಸದಾಗಿ ಬೈಕ್ ಹತ್ತಿದ ಮಗನೋ ಮಗಳೋ ಇದ್ದರೆ, ಈ ವಾರವೇ ಒಂದು ಜೊತೆ ಒಳ್ಳೆಯ ಗ್ಲೌಸ್ ಕೊಡಿಸಿ.