ತಿಕ್ಕಿದ ಬೆಳ್ಳಿ

ಘೋಣಸಗಿಯ ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆಂದು ಒಂದೇ ಒಂದು ಬೆಳ್ಳಿಯ ನಾಣ್ಯವುಂಟು. ಪೂಜೆಯ ಮುನ್ನಾದಿನ ಅಜ್ಜಿ ಅದನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗುತ್ತಿದ್ದಳು. ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗಾಗಿ 1969ರಲ್ಲಿ ಭಾರತ ಸರಕಾರ ಹೊರಡಿಸಿದ ಹತ್ತು ರೂಪಾಯಿಯ ನಾಣ್ಯವದು. ತೂಕ 15 ಗ್ರಾಂ. ನೂರಕ್ಕೆ 80 ಪಾಲು ಬೆಳ್ಳಿ. ಅಚ್ಚಾದ ವರ್ಷ ಅದರ ಮೇಲಿಲ್ಲ. ಇರುವುದು '1869–1948' ಎಂಬ ಒಂದು ಬಾಳಿನ ಅವಧಿ ಮಾತ್ರ.

1972ರ ಬರಗಾಲದಲ್ಲಿ ಅಜ್ಜಿಯ ಕಾಲ್ಗಡಗ, ಡಾಬು, ರಾಜನ ಮುಖದ ಹಳೆಯ ರೂಪಾಯಿಗಳು, ಎಲ್ಲವೂ ಪತ್ತಾರನ ತಕ್ಕಡಿಯೇರಿ ಜೋಳವಾಗಿ ಮನೆಗೆ ಬಂದವು. ಇದೊಂದನ್ನು ಮಾತ್ರ ಆಕೆ ಬಿಡಲಿಲ್ಲ. "ಮುದುಕನ್ನ ಕರಗಸಾಕ ಕೊಡೂದಿಲ್ಲ" ಎಂದಳಂತೆ. ಅದೇ ವರ್ಷ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೂ ಹತ್ತು ರೂಪಾಯಿಯ ನಾಣ್ಯ ಬಂತು. ಅದರಲ್ಲಿ ಬೆಳ್ಳಿ ನೂರಕ್ಕೆ 50ಕ್ಕೆ ಇಳಿದಿತ್ತು. ಅದು ನಮ್ಮ ಹೊಸ್ತಿಲನ್ನು ಕಾಣಲಿಲ್ಲ.

ಸಂಗ್ರಹದ ಹುಚ್ಚು ಹತ್ತಿದ ಮೇಲೆ ನಾನು ಅಜ್ಜಿಯ ನಾಣ್ಯವನ್ನು ವಿಜಯಪುರಕ್ಕೆ ಒಯ್ದು ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು, ವಜ್ರಾಕಾರದ ಚಿಕ್ಕ ಗುರುತನ್ನು ಕಂಡು, "ಮುಂಬಯಿ ಟಂಕಸಾಲೆಯದು" ಎಂದರು. ಬಳಿಕ ನಿಟ್ಟುಸಿರಿಟ್ಟರು: "ತಿಕ್ಕಿ ಕೆಡಿಸೀರಲ್ಲ! ಬೆಳ್ಳೀಗೆ ಹತ್ತಿದ ಕಪ್ಪು ಅದರ ವಯಸ್ಸಿನ ಸಾಕ್ಷಿ. ಇನ್ನ ಇದಕ್ಕ ತೂಕದ ಬೆಲೆ ಅಷ್ಟ."

ಅವರ ಮಾತು ಸುಳ್ಳಲ್ಲ. ಸಂಗ್ರಾಹಕರು ಬಯಸುವುದು ಕೈ ಸೋಕದ ನಾಣ್ಯವನ್ನು. ಆದರೆ ಸ್ಮರಣೆಗೆಂದೇ ಹುಟ್ಟಿದ ನಾಣ್ಯವನ್ನು ವರ್ಷ ವರ್ಷವೂ ಕೈಯಾರೆ ಸ್ಮರಿಸಿದವಳು ಅಜ್ಜಿಯಲ್ಲವೆ? ಸವೆದ ಆ ಮುಖದ ಮೇಲೆ ಅವಳ ಹೆಬ್ಬೆರಳಿನ ದುಡಿಮೆಯೂ ಉಂಟು.

ಈಗ ನಾನದನ್ನು ತಿಕ್ಕುವುದಿಲ್ಲ, ಮಾರುವುದೂ ಇಲ್ಲ. ಕಪ್ಪು ಮೆಲ್ಲನೆ ಮರಳಿ ಬರುತ್ತಿದೆ.