ನಿಲ್ಲುವ ವಿದ್ಯೆ

ಆರಿದ್ರಾ ಮಳೆ ಹಿಡಿದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಹಾವಸೆ ಕಟ್ಟದ ಅಂಗಳವಿಲ್ಲ. ಆಗುಂಬೆ, ಹುಲಿಕಲ್ಲುಗಳಂತಹ ಮಳೆಯ ತವರುಗಳನ್ನು ಮಡಿಲಲ್ಲಿಟ್ಟುಕೊಂಡ ಈ ನಾಡಿನಲ್ಲಿ, ಅಡಕೆ ದಬ್ಬೆ ಹಾಸಿದ ಅಂಗಳವನ್ನು ದಾಟಿ ಕೊಟ್ಟಿಗೆಗೂ ಬಚ್ಚಲಿಗೂ ಹೋಗಿಬರುವ ವೃದ್ಧೆಯರು ಒಮ್ಮೆ ಜಾರಿದರೆಂದರೆ, ತೊಡೆಮೂಳೆಯ ಕತ್ತು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದು ಅಪರೂಪವಲ್ಲ.

ನೆಟ್ಟಗೆ ನಿಲ್ಲುವುದು ನಮಗೆ ಸಹಜವೆಂದು ತೋರಿದರೂ ಅದು ಕಣ್ಣು, ಒಳಗಿವಿ, ಅಂಗಾಲು ಹಾಗೂ ಕೀಲುಗಳ ಸ್ಪರ್ಶಜ್ಞಾನ ಇವು ಕ್ಷಣಕ್ಷಣಕ್ಕೂ ತರುವ ವಾರ್ತೆಗಳನ್ನು ಮಿದುಳು ಹೊಂದಿಸಿಕೊಂಡು ನಡೆಸುವ ಸೂಕ್ಷ್ಮವಾದ ವ್ಯವಹಾರ. ಮುಪ್ಪಿನಲ್ಲಿ ಆ ವಾರ್ತೆಗಳು ತಡವಾಗುತ್ತವೆ, ತೊಡೆಯ ಸ್ನಾಯು ಕೃಶವಾಗುತ್ತದೆ. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಮೂಳೆಯೂ ಬೇಗನೆ ಟೊಳ್ಳಾಗತೊಡಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದಿರುವ ಸಾಧನಗಳಲ್ಲಿ ಸರ್ವಾಂಗ ಕಂಪನ ವ್ಯಾಯಾಮವೂ ಒಂದು. ಮೊಣಕಾಲನ್ನು ತುಸು ಬಾಗಿಸಿ ನಿಂತವರ ಪಾದದಡಿಯ ಹಲಗೆಯು ಸೆಕೆಂಡಿಗೆ ಹಲವು ಬಾರಿ, ಕೆಲವೇ ಮಿಲಿಮೀಟರಿನಷ್ಟೋ ಅದಕ್ಕೂ ಕಡಿಮೆಯೋ ಅದುರಿದಾಗ, ಸ್ನಾಯುವಿನೊಳಗಿನ ಗ್ರಾಹಕಗಳು ಅದರಿಂದಾದ ಎಳೆತವನ್ನು ಬೆನ್ನುಹುರಿಗೆ ತಿಳಿಸುತ್ತವೆ; ಮನಸ್ಸು ಆಜ್ಞಾಪಿಸುವ ಮೊದಲೇ ಸ್ನಾಯು ತನ್ನಷ್ಟಕ್ಕೆ ಸಂಕುಚಿಸುತ್ತದೆ. ಕಲ್ಪನೆ ಹೊಸತಲ್ಲ. ಪಾರ್ಕಿನ್ಸನ್ ರೋಗಿಗಳು ರೈಲು, ಗಾಡಿಗಳ ದೀರ್ಘ ಪ್ರಯಾಣದ ಕುಲುಕಾಟದಿಂದ ಹಾಯೆನಿಸಿತೆಂದು ಹೇಳಿದ್ದನ್ನು ಕೇಳಿ, ಪ್ಯಾರಿಸ್ಸಿನ ವೈದ್ಯ ಶಾರ್ಕೊ 1892ರಷ್ಟು ಹಿಂದೆಯೇ ಕಂಪಿಸುವ ಕುರ್ಚಿಯನ್ನು ಪ್ರಯೋಗಿಸಿದ್ದನು.

ಹಾಂಗ್‌ಕಾಂಗಿನಲ್ಲಿ ಅರುವತ್ತು ದಾಟಿದ 710 ಸ್ತ್ರೀಯರನ್ನು ಕುರಿತು ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು ಈ ವಿಷಯದಲ್ಲಿ ಬಹಳ ಬೋಧಪ್ರದ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, 18 ತಿಂಗಳು ಮೃದುಕಂಪನದ ಹಲಗೆಯ ಮೇಲೆ ನಿಂತವರಲ್ಲಿ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು ಶೇ. 18.6, ನಿಲ್ಲದವರಲ್ಲಿ ಶೇ. 28.7. ತೊಡೆಯ ಬಲ, ಸಮತೋಲಗಳು ವೃದ್ಧಿಯಾದುವು. ಮೂಳೆಯ ಸಾಂದ್ರತೆಯಾದರೋ ಗಮನಾರ್ಹವಾಗಿ ಹೆಚ್ಚಲಿಲ್ಲ. ಎಂದರೆ ಲಾಭವಾದದ್ದು ಮೂಳೆಯ ಗಟ್ಟಿತನದಿಂದಲ್ಲ, ಎಡವಿದ ಕ್ಷಣದಲ್ಲಿ ಸಾವರಿಸಿಕೊಳ್ಳುವ ಸ್ನಾಯುವಿನ ಚುರುಕಿನಿಂದ.

ಆ ಚುರುಕಿಗೆ ಯಂತ್ರವೊಂದೇ ಗತಿಯಲ್ಲ. ಸಂಕ ದಾಟಿ, ಧರೆ ಹತ್ತಿಳಿದು, ನೆಲದಲ್ಲಿ ಕುಳಿತೆದ್ದು ನಡೆಯುತ್ತಿದ್ದ ಮಲೆನಾಡಿನ ಬಾಳುವೆ ಅದನ್ನು ಅಯಾಚಿತವಾಗಿ ಕಲಿಸುತ್ತಿತ್ತು. ಸೊಪ್ಪಿನ ಹೊರೆ ಹೊರಿಸಿ ಅದೇ ಬಾಳುವೆ ಮಂಡಿಗಳನ್ನು ಸವೆಸಿತೆಂಬುದನ್ನೂ ಮರೆಯಲಾಗದು. ಹೊರೆಯಿಲ್ಲದೆ ಅಭ್ಯಾಸವನ್ನು ಮಾತ್ರ ಉಳಿಸಿಕೊಳ್ಳುವುದೇ ವಿವೇಕ: ಜಗುಲಿಯ ಕಂಬ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕೈಯೂರದೆ ಮಣೆಯಿಂದಲೋ ಬೆಂಚಿನಿಂದಲೋ ಏಳುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯುವುದು. ಇವನ್ನೂ ಮಾಡಲಾರದಷ್ಟು ದುರ್ಬಲರಾದವರಿಗೆ ಕಂಪನದ ಹಲಗೆ ಒಳ್ಳೆಯ ಊರೆಗೋಲಾದೀತು.

ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಹೊಸದಾಗಿ ಮೂಳೆ ಮುರಿದವರು, ಕೀಲು ಬದಲಿಸಿಕೊಂಡವರು ವೈದ್ಯರನ್ನು ಕೇಳದೆ ಅದನ್ನೇರಬಾರದು. ಸೊಂಟದ ಕೀಲನ್ನೇ ಕೆಡಿಸುವ ಹಂದಿಗೋಡು ಕಾಯಿಲೆಯನ್ನು 1970ರ ದಶಕದಲ್ಲಿ ಸಾಗರ ತಾಲ್ಲೂಕು ಕಂಡಿದೆ. ಆದ್ದರಿಂದ ತಡವರಿಸುವ ನಡೆಗೆಲ್ಲ ಮುಪ್ಪೇ ಕಾರಣವೆಂದು ಇಲ್ಲಿಯವರು ಸುಮ್ಮನಾಗುವಂತಿಲ್ಲ.

ಇನ್ನೊಂದು ಮಾತು. ಯಂತ್ರದಿಂದಾಗಲಿ ಕಂಬದಾಸರೆಯಿಂದಾಗಲಿ ಗಳಿಸಿದ ಬಲ ಅಭ್ಯಾಸ ತಪ್ಪಿದರೆ ಉಳಿಯದು. ಆದಕಾರಣ ಅಡಕೆ ಕೊಯ್ಲಿನ ಗಡಿಬಿಡಿಯಲ್ಲಿಯೂ ಮನೆಯವರು ಅಜ್ಜಿಗೆ ದಿನದ ಇಪ್ಪತ್ತು ನಿಮಿಷಗಳನ್ನು ಬಿಡುವು ಮಾಡಿಕೊಡತಕ್ಕದ್ದು.